ಕತ್ತು ಅಲುಗಬಾರದು, ಉಸಿರು ನಿಲ್ಲಬಾರದು

ಕುಂದಾಪುರ ತಾಲೂಕಿನ ಹಟ್ಟಿಯಂಗಡಿ ವಾರಾಹಿ ಹೊಳೆಯ ದಂಡೆಯ ಊರು. ಹೊರಗಿನವರಿಗೆ ಅದು ಸಿದ್ಧಿವಿನಾಯಕ ದೇವಸ್ಥಾನದಿಂದ ಪರಿಚಿತ. ಊರವರಿಗೆ ಅದು ತೆಂಗು, ಅಡಿಕೆ, ಗದ್ದೆ, ಹೊಳೆಗಳ ನಡುವಿನ ನಿತ್ಯದ ಬದುಕು. ಆ ಬದುಕಿನಲ್ಲಿ ಮರ ಹತ್ತುವವರುಂಟು, ಮಳೆಗಾಲದಲ್ಲಿ ಅಡಿಕೆಗೆ ಮದ್ದು ಬಿಡುವವರುಂಟು, ಪಾಚಿಗಟ್ಟಿದ ಕಾಲುಸಂಕ ದಾಟಿ ಶಾಲೆಗೆ ಹೋಗುವ ಮಕ್ಕಳುಂಟು, ತಲೆಹೊರೆ ಹೊತ್ತು ಗದ್ದೆಯ ಅಂಚಿನಲ್ಲಿ ನಡೆಯುವವರುಂಟು. ಬೇಸಗೆ ರಜೆಯಲ್ಲಿ ಹೊಳೆಗೆ ತಲೆಕೆಳಗಾಗಿ ಧುಮುಕುವ ಹುಡುಗರಿಗೂ ಕೊರತೆಯಿಲ್ಲ. ಪಕ್ಕದಲ್ಲೇ ರಾಷ್ಟ್ರೀಯ ಹೆದ್ದಾರಿ 66, ಅದರ ಮೇಲೆ ಹಗಲಿರುಳೂ ಓಡುವ ಬೈಕುಗಳು.

ಇವೆಲ್ಲಕ್ಕೂ ಸಮಾನವಾದ ಅಪಾಯ ಒಂದಿದೆ. ಅದು ಕುತ್ತಿಗೆಯ ಮೂಳೆ ಮುರಿಯುವುದು ಅಥವಾ ಜಾರುವುದು. ಕೈಯೋ ಕಾಲೋ ಮುರಿದರೆ ನೋವು ಹೆಚ್ಚು, ಜೀವಭಯ ಕಡಿಮೆ. ಕುತ್ತಿಗೆಯ ವಿಷಯದಲ್ಲಿ ಕೆಲವೊಮ್ಮೆ ಇದು ತಿರುಗುಮುರುಗು. ನೋವು ಅಷ್ಟಾಗಿ ಕಾಣದು, ರಕ್ತ ಹರಿಯದು, ಹೊರಗೆ ಗಾಯದ ಗುರುತೂ ಇರದು. ಆದರೆ ಆ ಗಳಿಗೆಯಲ್ಲಿ ಸುತ್ತ ಇರುವವರು ಮಾಡುವ ಒಂದು ತಪ್ಪು ಮನುಷ್ಯನನ್ನು ಜೀವಮಾನವಿಡೀ ಹಾಸಿಗೆಗೆ ಕಟ್ಟಿಹಾಕಬಲ್ಲದು. ಇನ್ನೊಂದು ತಪ್ಪು ಅವನ ಪ್ರಾಣವನ್ನೇ ತೆಗೆಯಬಲ್ಲದು. ಈ ಎರಡು ತಪ್ಪುಗಳು ಯಾವುವು, ಎರಡನ್ನೂ ತಪ್ಪಿಸುವುದು ಹೇಗೆ ಎಂಬುದು ಆಸ್ಪತ್ರೆಯ ವೈದ್ಯರಿಗೆ ಮಾತ್ರ ತಿಳಿದಿದ್ದರೆ ಸಾಲದು. ವೈದ್ಯರ ಕೈಗೆ ಗಾಯಾಳು ಸಿಗುವುದು ಎಲ್ಲ ಆದ ಮೇಲೆ. ಮೊದಲ ಹತ್ತು ನಿಮಿಷ ಅವನು ಇರುವುದು ಮನೆಯವರ, ನೆರೆಯವರ, ಸಹಪಾಠಿಗಳ ಕೈಯಲ್ಲಿ.

ಏಳು ಮೂಳೆ, ಒಂದು ಹುರಿ

ಕುತ್ತಿಗೆಯಲ್ಲಿ ಏಳು ಮೂಳೆಗಳಿವೆ. ಒಂದರ ಮೇಲೊಂದು ಬಳೆಗಳನ್ನು ಜೋಡಿಸಿಟ್ಟಂತೆ ಅವು ನಿಂತಿವೆ. ಬಳೆಗಳ ನಡುವಿನ ತೂತಿನಲ್ಲಿ ಮಿದುಳಿನಿಂದ ಇಳಿದು ಬರುವ ಬೆನ್ನುಹುರಿ ಇದೆ. ಹೆಚ್ಚೆಂದರೆ ಕಿರುಬೆರಳಿನಷ್ಟು ದಪ್ಪದ ಈ ಹುರಿಯೇ ಕೈಕಾಲಿಗೆ ಆಜ್ಞೆ ಒಯ್ಯುವುದು, ಮೈಯ ಸ್ಪರ್ಶವನ್ನೂ ನೋವನ್ನೂ ಮಿದುಳಿಗೆ ತಲುಪಿಸುವುದು. ಮೂಳೆ ಮುರಿದರೆ ಕೂಡುತ್ತದೆ. ಹುರಿ ಕತ್ತರಿಸಿದರೆ ಕೂಡದು. ಅದನ್ನು ಮತ್ತೆ ಮೊದಲಿನಂತೆ ಬೆಸೆಯುವ ವಿದ್ಯೆ ವೈದ್ಯಲೋಕಕ್ಕೆ ಇನ್ನೂ ಸಿದ್ಧಿಸಿಲ್ಲ.

ಉಸಿರಾಟಕ್ಕೂ ಕುತ್ತಿಗೆಗೂ ಇರುವ ನಂಟು ಇಲ್ಲೇ ಇದೆ. ಎದೆ ಮತ್ತು ಹೊಟ್ಟೆಯ ನಡುವೆ ಚಪ್ಪರದಂತೆ ಹರಡಿರುವ ಸ್ನಾಯುವಿಗೆ ವಪೆ ಎಂದು ಹೆಸರು. ಅದು ಕೆಳಕ್ಕೆ ಇಳಿದಾಗ ಶ್ವಾಸಕೋಶಕ್ಕೆ ಗಾಳಿ ತುಂಬುತ್ತದೆ. ವಪೆಯನ್ನು ನಡೆಸುವ ನರ ಹುಟ್ಟುವುದು ಎದೆಯ ಬಳಿ ಅಲ್ಲ, ಮೇಲೆ ಕುತ್ತಿಗೆಯಲ್ಲಿ, ಬೆನ್ನುಹುರಿಯ ಮೂರು, ನಾಲ್ಕು ಮತ್ತು ಐದನೆಯ ಮಟ್ಟದಲ್ಲಿ. ಅದಕ್ಕಿಂತ ಮೇಲೆ ಹುರಿಗೆ ಪೆಟ್ಟಾದರೆ ಮನುಷ್ಯ ಸ್ವಂತ ಶಕ್ತಿಯಿಂದ ಒಂದು ಉಸಿರನ್ನೂ ಎಳೆಯಲಾರ. ಕೆಳಗೆ ಪೆಟ್ಟಾದರೆ ವಪೆ ಕೆಲಸ ಮಾಡುತ್ತದೆ, ಆದರೆ ಪಕ್ಕೆಲುಬುಗಳ ನಡುವಿನ ಸ್ನಾಯುಗಳು ಸೋಲುತ್ತವೆ. ಅಂಥವನು ಮೊದಲ ದಿನ ಚೆನ್ನಾಗಿ ಮಾತಾಡಿಕೊಂಡಿದ್ದು, ಕೆಮ್ಮಲಾಗದೆ ಕಫ ಕಟ್ಟಿ, ಎರಡು ಮೂರು ದಿನಗಳಲ್ಲಿ ಬಳಲಿ ಉಸಿರು ಕಟ್ಟುವುದೂ ಉಂಟು.

1978ರಲ್ಲಿ ಬಂದ 'ಸೂಪರ್‌ಮ್ಯಾನ್' ಚಿತ್ರದ ನಟ ಕ್ರಿಸ್ಟೋಫರ್ ರೀವ್ ಅವರ ಕಥೆ ಇದಕ್ಕೆ ಎಲ್ಲರೂ ಬಲ್ಲ ಉದಾಹರಣೆ. 1995ರ ಮೇ 27ರಂದು ಅಮೆರಿಕದ ವರ್ಜೀನಿಯಾದಲ್ಲಿ ನಡೆದ ಕುದುರೆ ಸವಾರಿ ಸ್ಪರ್ಧೆಯಲ್ಲಿ ಅವರ ಕುದುರೆ ತಡೆಯ ಮುಂದೆ ಗಕ್ಕನೆ ನಿಂತಿತು. ರೀವ್ ತಲೆ ಕೆಳಗಾಗಿ ಬಿದ್ದರು. ಕುತ್ತಿಗೆಯ ಮೇಲಿನ ಎರಡು ಮೂಳೆಗಳು ಮುರಿದವು, ಉಸಿರು ನಿಂತಿತು. ಕೆಲವೇ ನಿಮಿಷಗಳಲ್ಲಿ ನೆರವಿನವರು ಬಂದು ಗಾಳಿ ಕೊಟ್ಟದ್ದರಿಂದ ಜೀವ ಉಳಿಯಿತು, ಮಿದುಳು ಉಳಿಯಿತು. ಮುಂದೆ ಅವರು 2004ರ ಅಕ್ಟೋಬರ್ 10ರವರೆಗೆ, ಒಂಬತ್ತು ವರ್ಷಕ್ಕೂ ಮಿಕ್ಕಿ ಬದುಕಿದರು. ಭಾಷಣ ಮಾಡಿದರು, ಪುಸ್ತಕ ಬರೆದರು, ಚಿತ್ರ ನಿರ್ದೇಶಿಸಿದರು. ಯಂತ್ರದ ಉಸಿರಾದರೂ ಅದು ಬದುಕಿನ ಉಸಿರೇ ಆಗಿತ್ತು.

ಎರಡು ತಪ್ಪುಗಳು

ತೋಟದಲ್ಲಿ ಒಬ್ಬಾತ ಮರದಿಂದ ಬಿದ್ದ ಎಂದಿಟ್ಟುಕೊಳ್ಳಿ. ಕೂಗು ಕೇಳಿ ನಾಲ್ಕು ಮಂದಿ ಓಡಿ ಬರುತ್ತಾರೆ. ಇಬ್ಬರು ರಟ್ಟೆ ಹಿಡಿಯುತ್ತಾರೆ, ಇಬ್ಬರು ಕಾಲು ಹಿಡಿಯುತ್ತಾರೆ. ತಲೆ ಹಿಂದಕ್ಕೆ ಜೋತು ಬೀಳುತ್ತದೆ. ಒಬ್ಬರು ತಲೆಯನ್ನು ಎತ್ತಿ ಬಾಯಿಗೆ ನೀರು ಹಾಕುತ್ತಾರೆ. ಆಮೇಲೆ ಆಟೋರಿಕ್ಷಾದ ಸೀಟಿನಲ್ಲಿ ಕೂರಿಸಿ, ಎರಡೂ ಬದಿಯಲ್ಲಿ ಒತ್ತಿಕೊಂಡು ಕೂತು, ಹೊಂಡಗುಂಡಿಯ ದಾರಿಯಲ್ಲಿ ಹೊರಡುತ್ತಾರೆ. ಇಲ್ಲಿ ಯಾರ ಮನಸ್ಸಿನಲ್ಲೂ ಕೇಡಿಲ್ಲ. ಪ್ರೀತಿ ಇದೆ, ಗಾಬರಿ ಇದೆ. ಆದರೆ ಒಳಗೆ ಮುರಿದು ನಿಂತ ಮೂಳೆಯ ಚೂರು, ಅಷ್ಟು ಹೊತ್ತೂ ಹುರಿಯನ್ನು ಮುಟ್ಟದೆ ಇದ್ದದ್ದು, ಈ ಎಳೆದಾಟದಲ್ಲಿ ಹುರಿಯನ್ನು ಒತ್ತಬಹುದು. ಇದು ಮೊದಲನೆಯ ತಪ್ಪು.

ಎರಡನೆಯದು ಇದಕ್ಕೆ ವಿರುದ್ಧವಾದದ್ದು. ಕುತ್ತಿಗೆ ಮುಟ್ಟಬಾರದು ಎಂದು ಕೇಳಿ ತಿಳಿದವರು ಗಾಯಾಳುವನ್ನು ಮುಟ್ಟದೆಯೇ ನಿಂತುಬಿಡುತ್ತಾರೆ. ಪ್ರಜ್ಞೆ ತಪ್ಪಿ ಅಂಗಾತ ಮಲಗಿದವನ ನಾಲಿಗೆ ಹಿಂದಕ್ಕೆ ಜಾರಿ ಗಂಟಲನ್ನು ಮುಚ್ಚುತ್ತದೆ. ಗೊರಗೊರ ಸದ್ದು ಬರುತ್ತದೆ. ನೋಡುವವರು ಅದನ್ನು ಗೊರಕೆ ಎಂದುಕೊಳ್ಳುತ್ತಾರೆ. ಗಾಳಿಯಿಲ್ಲದೆ ನಾಲ್ಕೈದು ನಿಮಿಷ ಕಳೆದರೆ ಮಿದುಳು ಸಾಯತೊಡಗುತ್ತದೆ. ಕುತ್ತಿಗೆಯನ್ನು ಕಾಪಾಡಿದಂತಾಯಿತು, ಮನುಷ್ಯ ಉಳಿಯಲಿಲ್ಲ.

ಹುರಿಗೆ ಆಗುವ ಹಾನಿಯಲ್ಲಿ ಹೆಚ್ಚಿನ ಪಾಲು ಬಿದ್ದ ಕ್ಷಣದಲ್ಲೇ ಆಗಿಹೋಗಿರುತ್ತದೆ ಎಂಬುದನ್ನೂ ಇಲ್ಲಿ ನೆನಪಿಡಬೇಕು. ಅನಂತರ ಹುರಿಯನ್ನು ಕಾಡುವುದು ಅಲುಗಾಟ ಒಂದೇ ಅಲ್ಲ. ಆಮ್ಲಜನಕದ ಕೊರತೆ ಮತ್ತು ಇಳಿದ ರಕ್ತದೊತ್ತಡ, ಅರ್ಧ ಜೀವದಲ್ಲಿರುವ ನರಕೋಶಗಳನ್ನು ಪೂರ್ತಿ ಕೊಲ್ಲುತ್ತವೆ. ಆದ್ದರಿಂದ ಉಸಿರನ್ನು ಕಾಯುವುದೆಂದರೆ ಹುರಿಯನ್ನೂ ಕಾಯುವುದೆಂದೇ ಅರ್ಥ. ಉಸಿರು ಮೊದಲು, ಅದನ್ನು ಕಾಯುವಾಗ ಕುತ್ತಿಗೆ ಆದಷ್ಟು ಅಲುಗದ ಹಾಗೆ ನೋಡಿಕೊಳ್ಳುವುದು ಜತೆಜತೆಗೆ. ಅಪಘಾತ ಚಿಕಿತ್ಸೆಯ ಮೊದಲ ಪಾಠ ಇದೇ.

ಈ ಪಾಠ ಪುಸ್ತಕಕ್ಕೆ ಬಂದದ್ದೂ ಒಂದು ಕುಟುಂಬದ ದುರಂತದಿಂದ. 1976ರ ಫೆಬ್ರವರಿಯಲ್ಲಿ ಅಮೆರಿಕದ ಮೂಳೆ ಶಸ್ತ್ರವೈದ್ಯ ಜೇಮ್ಸ್ ಸ್ಟೈನರ್ ತಮ್ಮ ಸಣ್ಣ ವಿಮಾನವನ್ನು ತಾವೇ ನಡೆಸುತ್ತಿದ್ದಾಗ ಅದು ನೆಬ್ರಾಸ್ಕಾದ ಹೊಲದಲ್ಲಿ ಬಿದ್ದಿತು. ಹೆಂಡತಿ ತೀರಿಕೊಂಡರು, ಮಕ್ಕಳಿಗೆ ತೀವ್ರ ಪೆಟ್ಟಾಯಿತು. ಹತ್ತಿರದ ಚಿಕ್ಕ ಆಸ್ಪತ್ರೆಗೆ ಮಕ್ಕಳನ್ನು ಒಯ್ದಾಗ ಅಲ್ಲಿ ಗಾಯಾಳುವಿನ ಕುತ್ತಿಗೆಯ ಕಡೆ ಗಮನವೇ ಇರಲಿಲ್ಲ ಎಂಬುದನ್ನು ಅವರು ಕಣ್ಣಾರೆ ಕಂಡರು. ತನ್ನಂಥ ಒಬ್ಬನೇ ವೈದ್ಯ ಹೊಲದಲ್ಲಿ ನಿಂತು ಕೊಡಬಲ್ಲ ಆರೈಕೆಗಿಂತ ಆಸ್ಪತ್ರೆಯ ಆರೈಕೆ ಕಳಪೆಯಾಗಿದ್ದರೆ ತಪ್ಪು ವ್ಯಕ್ತಿಯದಲ್ಲ, ವ್ಯವಸ್ಥೆಯದು ಎಂಬುದು ಅವರ ತೀರ್ಮಾನ. ಹಳ್ಳಿಗಾಡಿನ ವೈದ್ಯರಿಗಾಗಿ ಅವರೂ ಸಹೋದ್ಯೋಗಿಗಳೂ 1978ರಲ್ಲಿ ತರಬೇತಿ ಶುರು ಮಾಡಿದರು. ಇಂದು ಎ.ಟಿ.ಎಲ್.ಎಸ್. ಎಂಬ ಹೆಸರಿನಲ್ಲಿ ಅದು ಭಾರತವೂ ಸೇರಿದಂತೆ ಹಲವು ದೇಶಗಳಲ್ಲಿ ನಡೆಯುತ್ತಿದೆ. ಅದರ ಮೊದಲ ಅಕ್ಷರ 'ಎ' ಉಸಿರಿನ ದಾರಿಗೆ ಮೀಸಲು, ಅದೂ ಕುತ್ತಿಗೆಯನ್ನು ಹಿಡಿದುಕೊಂಡು.

ಮನೆಯವರು ಮಾಡಬೇಕಾದ್ದು

ಕುತ್ತಿಗೆಗೆ ಪೆಟ್ಟಾಗಿರಬಹುದು ಎಂದು ಸಂಶಯಪಡಬೇಕಾದದ್ದು ಯಾವಾಗ? ಕೆನಡಾದ ವೈದ್ಯರು 2001ರಲ್ಲಿ ಪ್ರಕಟಿಸಿದ ಒಂದು ಸೂತ್ರ ಇದಕ್ಕೆ ನೆರವಾಗುತ್ತದೆ. ಮೂರು ಅಡಿ ಅಥವಾ ಐದು ಮೆಟ್ಟಿಲಿಗಿಂತ ಕಡಿಮೆಯಲ್ಲದ ಎತ್ತರದಿಂದ ಬಿದ್ದವರು, ನೀರಿಗೆ ಧುಮುಕಿ ತಲೆ ತಗಲಿದವರು, ವೇಗದ ವಾಹನ ಅಪಘಾತಕ್ಕೆ ಸಿಕ್ಕವರು, ಕೈಕಾಲು ಜುಮ್ಮೆನ್ನುವವರು, 65 ದಾಟಿದವರು, ಇವರೆಲ್ಲರ ಕುತ್ತಿಗೆಯ ಬಗ್ಗೆ ಎಚ್ಚರ ಬೇಕು. ಮೂರು ಅಡಿ ಎಂದರೆ ಮನೆಯ ಜಗಲಿಯ ಎತ್ತರ. ತೆಂಗಿನ ಮರದ ಮಾತು ಹೇಳಬೇಕಾಗಿಲ್ಲ. ಹೊರೆ ಹೊತ್ತವರು ಹೊರೆಯ ಸಮೇತ ಬಿದ್ದರೂ, ಬೈಕಿನ ಹಿಂದೆ ಕೂತವರ ಸೆರಗೋ ಚೂಡಿದಾರದ ವೇಲೋ ಚಕ್ರಕ್ಕೆ ಸಿಕ್ಕಿ ಕುತ್ತಿಗೆಯನ್ನು ಎಳೆದರೂ ಇದೇ ಸಂಶಯವಿರಲಿ.

ಅಂಥವರನ್ನು ಕಂಡಾಗ ಮೊದಲು ಮಾಡಬೇಕಾದದ್ದು, ಅಲುಗಾಡದೆ ಮಲಗಿರಲು ಹೇಳುವುದು ಮತ್ತು 108ಕ್ಕೆ ಫೋನು ಮಾಡಿಸುವುದು. ಕರ್ನಾಟಕದಲ್ಲಿ ಈ ಸೇವೆ 'ಆರೋಗ್ಯ ಕವಚ' ಎಂಬ ಹೆಸರಿನಲ್ಲಿ 2008ರಿಂದ ಇದೆ. ಫೋನಿನಲ್ಲಿ ಊರಿನ ಹೆಸರಿನ ಜತೆ ಹತ್ತಿರದ ಶಾಲೆ, ದೇವಸ್ಥಾನ, ತಿರುವು ಇವುಗಳ ಗುರುತು ಹೇಳಬೇಕು. ಒಬ್ಬರು ರಸ್ತೆಗೆ ಹೋಗಿ ವಾಹನಕ್ಕೆ ಕಾಯಬೇಕು.

ಅಷ್ಟರಲ್ಲಿ ಧೈರ್ಯವಿರುವ ಒಬ್ಬರು ಗಾಯಾಳುವಿನ ತಲೆಯ ಹಿಂದೆ ಮೊಣಕಾಲೂರಿ ಕುಳಿತು, ಎರಡು ಅಂಗೈಗಳಿಂದ ತಲೆಯ ಎರಡು ಬದಿಗಳನ್ನು ಹಿಡಿಯಬೇಕು. ಮೊಣಕೈಗಳನ್ನು ನೆಲಕ್ಕೆ ಊರಿದರೆ ಕೈ ನಡುಗದು. ಎಳೆಯಬಾರದು, ತಿರುಗಿಸಬಾರದು, ಕತ್ತು ಸೊಟ್ಟಗಿದ್ದರೆ ಬಲವಂತದಿಂದ ನೆಟ್ಟಗೆ ಮಾಡಬಾರದು. ಇದ್ದ ಹಾಗೆ ಹಿಡಿದರೆ ಸಾಕು. ಕಿವಿ ಮುಚ್ಚದಂತೆ ಹಿಡಿದರೆ ಗಾಯಾಳುವಿಗೆ ಮಾತು ಕೇಳುತ್ತದೆ. ಹಿಡಿದವರು ಆಂಬುಲೆನ್ಸ್‌ನವರು ಬಂದು ತಮ್ಮ ಕೈ ಸೇರಿಸುವವರೆಗೂ ಬಿಡಬಾರದು.

ಇನ್ನು ಉಸಿರು. ಎದೆ ಏರಿಳಿಯುತ್ತಿದೆಯೇ ಎಂದು ಹತ್ತು ಸೆಕೆಂಡು ನೋಡಬೇಕು. ಪ್ರಜ್ಞೆಯಿಲ್ಲದೆ ಗೊರಗೊರ ಸದ್ದು ಬರುತ್ತಿದ್ದರೆ, ತಲೆ ಹಿಡಿದವರೇ ತಮ್ಮ ಬೆರಳುಗಳನ್ನು ಕಿವಿಯ ಕೆಳಗಿನ ದವಡೆಯ ಮೂಲೆಗಳಿಗೆ ಕೊಟ್ಟು ಕೆಳದವಡೆಯನ್ನು ಮುಂದಕ್ಕೆ, ಅಂದರೆ ಆಕಾಶದ ಕಡೆಗೆ, ನೂಕಬೇಕು. ದವಡೆಯ ಜತೆ ನಾಲಿಗೆಯೂ ಮುಂದೆ ಬಂದು ದಾರಿ ಬಿಡುತ್ತದೆ, ತಲೆ ಹಿಂದಕ್ಕೆ ಬಾಗುವುದಿಲ್ಲ. ಇದರಿಂದಲೂ ದಾರಿ ತೆರೆಯದಿದ್ದರೆ ತಲೆಯನ್ನು ಮೆಲ್ಲಗೆ ಹಿಂದಕ್ಕೆ ಬಾಗಿಸಿ ಗಲ್ಲ ಎತ್ತಲೇಬೇಕು. ಕುತ್ತಿಗೆಯ ಭಯಕ್ಕೆ ಉಸಿರನ್ನು ಬಲಿಕೊಡುವಂತಿಲ್ಲ. ಉಸಿರೇ ಇಲ್ಲದಿದ್ದರೆ ಎದೆಯ ನಡುವೆ ನಿಮಿಷಕ್ಕೆ 100ರಿಂದ 120ರಂತೆ ಒತ್ತುವ ಸಿ.ಪಿ.ಆರ್. ಶುರು ಮಾಡಬೇಕು. ನೀರಿನಿಂದ ಎತ್ತಿದವರಿಗೆ ಬಾಯಿಂದ ಗಾಳಿ ಊದುವುದೂ ಅಗತ್ಯ.

ವಾಂತಿ ಬಂದರೆ ತಲೆಯನ್ನು ಮಾತ್ರ ತಿರುಗಿಸಬಾರದು. ಮೂರು ನಾಲ್ಕು ಮಂದಿ ಭುಜ, ಸೊಂಟ, ಮೊಣಕಾಲು ಹಿಡಿದು, ತಲೆ ಹಿಡಿದವರು ಎಣಿಸಿದಾಗ, ಮರದ ದಿಮ್ಮಿಯನ್ನು ಉರುಳಿಸುವಂತೆ ಇಡೀ ದೇಹವನ್ನು ಒಟ್ಟಿಗೆ ಪಕ್ಕಕ್ಕೆ ಹೊರಳಿಸಬೇಕು. ಬಾಯಿಯೊಳಗಿನದು ತಾನಾಗಿ ಹೊರಬರುತ್ತದೆ.

ಮಾಡಬಾರದ್ದೂ ಇಷ್ಟೇ ಮುಖ್ಯ. ನೀರು, ಚಹಾ, ಗಂಜಿ ಏನನ್ನೂ ಕುಡಿಸಬಾರದು. ಉಳುಕೆಂದು ತಿಳಿದು ಎಣ್ಣೆ ತಿಕ್ಕಬಾರದು, ಕತ್ತು ಎಳೆಯಿಸಬಾರದು. ಎಬ್ಬಿಸಿ ಕೂರಿಸಿ ನೋಡಬಾರದು. ಬೈಕಿನವರ ಹೆಲ್ಮೆಟ್ಟನ್ನು ಅವಸರದಿಂದ ಕಿತ್ತೆಸೆಯಬಾರದು. ಉಸಿರಿಗೆ ಅಡ್ಡಿಯಾಗಿದ್ದರೆ ಮಾತ್ರ, ಒಬ್ಬರು ಕುತ್ತಿಗೆ ಮತ್ತು ದವಡೆಯನ್ನು ಆನಿಸಿಕೊಂಡು, ಇನ್ನೊಬ್ಬರು ಮೆಲ್ಲಗೆ ಜಾರಿಸಿ ತೆಗೆಯಬೇಕು. ಆಂಬುಲೆನ್ಸ್ ಬರುವ ಹಾಗೆಯೇ ಇಲ್ಲ ಎಂದಾದರೆ ಅಗಲವಾದ ಹಲಗೆಯ ಮೇಲೆ ಮಲಗಿಸಿ, ಹಿಂಬದಿ ತೆರೆದ ವಾಹನದಲ್ಲಿ, ದಾರಿಯುದ್ದಕ್ಕೂ ತಲೆ ಹಿಡಿದುಕೊಂಡೇ ಸಾಗಿಸಬೇಕು. ಸೀಟಿನಲ್ಲಿ ಮಡಚಿ ಕೂರಿಸುವುದು ಬೇಡವೇ ಬೇಡ.

ಚಿಕ್ಕ ಮಕ್ಕಳ ವಿಷಯದಲ್ಲಿ ಇನ್ನೊಂದು ಮಾತು. ಅವರ ತಲೆ ಮೈಗೆ ಹೋಲಿಸಿದರೆ ದೊಡ್ಡದು. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿದರೆ ತಲೆಯ ಹಿಂಭಾಗ ಎತ್ತಿಕೊಂಡು ಗಲ್ಲ ಎದೆಯ ಕಡೆ ಬಾಗುತ್ತದೆ. ಹಾಗಾಗಿ ತಲೆಯ ಕೆಳಗೆ ದಿಂಬು ಇಡಬಾರದು. ಭುಜ ಮತ್ತು ಬೆನ್ನಿನ ಕೆಳಗೆ ಮಡಚಿದ ಬೈರಾಸವನ್ನೋ ಕಂಬಳಿಯನ್ನೋ ಇಟ್ಟರೆ ಕುತ್ತಿಗೆ ನೆಟ್ಟಗಾಗುತ್ತದೆ, ಉಸಿರಿನ ದಾರಿಯೂ ತೆರೆಯುತ್ತದೆ. ಮಕ್ಕಳಲ್ಲಿ ಮೂಳೆ ಮುರಿಯದೆಯೂ ಹುರಿಗೆ ಪೆಟ್ಟಾಗಬಹುದು. ಎಕ್ಸ್‌ರೇ ಸರಿಯಿದೆ ಎಂದ ಮೇಲೂ ಮಗು ಕೈಕಾಲು ಜೋಮು ಎಂದರೆ ಅಲಕ್ಷ್ಯ ಮಾಡಬಾರದು.

ಪೊಲೀಸು, ಕೋರ್ಟು ಎಂದು ಹಿಂಜರಿಯುವವರಿಗೂ ಒಂದು ಸಮಾಧಾನವಿದೆ. ರಸ್ತೆ ಅಪಘಾತದಲ್ಲಿ ನೆರವಾದವರನ್ನು ಕಾಡಬಾರದೆಂಬ ಮಾರ್ಗಸೂಚಿಗೆ ಸುಪ್ರೀಂ ಕೋರ್ಟು 2016ರಲ್ಲಿ ಕಾನೂನಿನ ಬಲ ಕೊಟ್ಟಿತು. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯಲ್ಲಿ 134ಎ ಕಲಮು ಸೇರಿತು. ಒಳ್ಳೆಯ ಮನಸ್ಸಿನಿಂದ ನೆರವಾದವರು ತಮ್ಮ ಹೆಸರು ಹೇಳಬೇಕೆಂಬ ಬಲವಂತವೂ ಇಲ್ಲ.

ಆಸ್ಪತ್ರೆಯ ಒಳಗೆ

ಹಟ್ಟಿಯಂಗಡಿಯ ಗಾಯಾಳುವಿಗೆ ಹತ್ತಿರದ ಸರಕಾರಿ ಆಸ್ಪತ್ರೆ ಕುಂದಾಪುರದ್ದು. ಅಲ್ಲಿಂದ ಮುಂದೆ ಹೆಚ್ಚಿನ ಚಿಕಿತ್ಸೆಗೆ ಒಯ್ಯುವುದಾದರೆ ಮಣಿಪಾಲಕ್ಕೆ ಸುಮಾರು 40 ಕಿಲೋಮೀಟರು. ಡಾ. ಟಿ.ಎಂ.ಎ. ಪೈ ಅವರು 1953ರಲ್ಲಿ ಸ್ಥಾಪಿಸಿದ ಕಸ್ತೂರ್ಬಾ ಮೆಡಿಕಲ್ ಕಾಲೇಜು ಇರುವುದು ಅಲ್ಲಿ. ಇಂಥ ದೊಡ್ಡ ಆಸ್ಪತ್ರೆಗಳಲ್ಲಿ ಗಾಯಾಳುವಿನ ತಲೆಯ ಬಳಿ ನಿಲ್ಲುವವರು ಅರಿವಳಿಕೆ ತಜ್ಞರು ಅಥವಾ ತುರ್ತು ಚಿಕಿತ್ಸಾ ತಜ್ಞರು. ಉಸಿರಾಟ ಸೋಲುತ್ತಿದ್ದರೆ ಅವರು ಬಾಯಿಯ ಮೂಲಕ ಶ್ವಾಸನಾಳಕ್ಕೆ ಒಂದು ಕೊಳವೆ ಇಳಿಸಬೇಕು. ಇಂಟುಬೇಶನ್ ಎಂದರೆ ಇದೇ. ಕೋವಿಡ್ ಕಾಲದಲ್ಲಿ ಮನೆಮನೆಗೆ ಪರಿಚಯವಾದ ವೆಂಟಿಲೇಟರಿಗೆ ಈ ಕೊಳವೆಯೇ ಬಾಗಿಲು.

ಸಾಮಾನ್ಯ ರೋಗಿಯಲ್ಲಿ ಇದು ಕೆಲವೇ ಸೆಕೆಂಡುಗಳ ಕೆಲಸ. ಬಾಯಿ ಒಂದು ದಿಕ್ಕಿಗಿದೆ, ಗಂಟಲು ಒಂದು ದಿಕ್ಕಿಗಿದೆ, ಶ್ವಾಸನಾಳ ಮತ್ತೊಂದು ದಿಕ್ಕಿಗಿದೆ. ತಲೆಯ ಕೆಳಗೆ ದಿಂಬಿಟ್ಟು ಕತ್ತನ್ನು ತುಸು ಮುಂದಕ್ಕೆ, ತಲೆಯನ್ನು ಹಿಂದಕ್ಕೆ ಬಾಗಿಸಿದರೆ ಮೂರೂ ಹೆಚ್ಚುಕಡಿಮೆ ಒಂದೇ ಗೆರೆಗೆ ಬರುತ್ತವೆ. ಲ್ಯಾರಿಂಗೋಸ್ಕೋಪ್ ಎಂಬ ದೀಪವಿರುವ ಅಲಗಿನಿಂದ ನಾಲಿಗೆಯನ್ನು ಎತ್ತಿದರೆ ಧ್ವನಿತಂತುಗಳು ಕಾಣುತ್ತವೆ, ನಡುವೆ ಕೊಳವೆ ಸಾಗುತ್ತದೆ. ಕುತ್ತಿಗೆ ಮುರಿದವನಲ್ಲಿ ನಿಷಿದ್ಧವಾದದ್ದೇ ಈ ಬಾಗಿಸುವಿಕೆ. ದಾರಿ ಕಾಣಬೇಕಾದರೆ ಬಾಗಿಸಬೇಕು, ಬಾಗಿಸಿದರೆ ಹುರಿಗೆ ಅಪಾಯ. ಈ ಇಕ್ಕಟ್ಟನ್ನು ವೈದ್ಯರು ಬಿಡಿಸಿಕೊಳ್ಳುವುದು ಹಲವರ ಕೈ ಸೇರಿಸಿ.

ಗಾಯಾಳುವಿನ ಕುತ್ತಿಗೆಗೆ ಹಾಕಿದ ಗಟ್ಟಿ ಕಾಲರ್ ಬಾಯಿ ತೆರೆಯಲು ಬಿಡುವುದಿಲ್ಲ. ಅದರ ಮುಂಭಾಗವನ್ನು ಬಿಚ್ಚುತ್ತಾರೆ. ಬಿಚ್ಚುವ ಮೊದಲೇ ಒಬ್ಬ ಸಹಾಯಕ ತಲೆಯನ್ನು ಎರಡು ಕೈಗಳಿಂದ ಹಿಡಿದಿರುತ್ತಾನೆ. ತೋಟದಲ್ಲಿ ನೆರೆಮನೆಯವರು ಹಿಡಿದದ್ದೂ ಇದೇ ಹಿಡಿತ. ಇನ್ನೊಬ್ಬರು ಔಷಧಿ ಕೊಡುತ್ತಾರೆ, ಮತ್ತೊಬ್ಬರು ಕೊಳವೆ ಎತ್ತಿಕೊಡುತ್ತಾರೆ. ಮೊದಲು ಕೆಲವು ನಿಮಿಷ ಮುಸುಕಿನ ಮೂಲಕ ಶುದ್ಧ ಆಮ್ಲಜನಕ ಕೊಟ್ಟು ಶ್ವಾಸಕೋಶವನ್ನು ತುಂಬಿಸಿಡುತ್ತಾರೆ. ಅದು ಉಸಿರಿಲ್ಲದ ಗಳಿಗೆಗೆ ಕೂಡಿಟ್ಟ ಬಂಡವಾಳ.

ತಲೆ ಅಲುಗದಂತೆ ಹಿಡಿದಾಗ ಧ್ವನಿತಂತುಗಳು ಪೂರ್ತಿ ಕಾಣುವುದಿಲ್ಲ. ಇದಕ್ಕಾಗಿಯೇ ಬೂಜಿ ಎಂಬ ತೆಳುವಾದ, ತುದಿ ಬಾಗಿದ ಕಡ್ಡಿ ಇದೆ. ಕಾಣದಿದ್ದರೂ ಅಂದಾಜಿನಲ್ಲಿ ಅದನ್ನು ಶ್ವಾಸನಾಳಕ್ಕೆ ಇಳಿಸಿದರೆ ನಾಳದ ಉಂಗುರಗಳು ಬೆರಳಿಗೆ ಟಕಟಕನೆ ತಿಳಿಯುತ್ತವೆ. ಕಡ್ಡಿಯ ಮೇಲೆ ಕೊಳವೆಯನ್ನು ಜಾರಿಸಿದರಾಯಿತು. ಈಗ ಅನೇಕ ಕಡೆ ವಿಡಿಯೊ ಲ್ಯಾರಿಂಗೋಸ್ಕೋಪ್ ಬಂದಿದೆ. ಕೆನಡಾದ ಶಸ್ತ್ರವೈದ್ಯ ಜಾನ್ ಪೇಸಿ 2001ರಲ್ಲಿ ರೂಪಿಸಿದ ಸಾಧನದಿಂದ ಇದು ಬಳಕೆಗೆ ಬಂತು. ಅಲಗಿನ ತುದಿಯಲ್ಲೇ ಪುಟ್ಟ ಕ್ಯಾಮೆರಾ ಇರುವುದರಿಂದ ಮೂರು ಗೆರೆಗಳನ್ನು ಒಂದು ಮಾಡುವ ಅಗತ್ಯವೇ ಕಡಿಮೆ. ಕಣ್ಣು ಮೂಲೆ ತಿರುಗಿ ನೋಡಿದಂತೆ.

ಇದಕ್ಕೂ ಮುಂಚಿನ ಕಥೆ ಇನ್ನೂ ಸ್ವಾರಸ್ಯಕರ. ಜೀವಂತ ಮನುಷ್ಯನ ಧ್ವನಿತಂತುಗಳನ್ನು ಕನ್ನಡಿಯಲ್ಲಿ ಸ್ಪಷ್ಟವಾಗಿ ಕಂಡು ವಿವರಿಸಿದವರು ವೈದ್ಯರಲ್ಲ, ಸಂಗೀತ ಮೇಷ್ಟ್ರು. ಸ್ಪೇನ್ ಮೂಲದ ಮಾನ್ಯುಯಲ್ ಗಾರ್ಸಿಯಾ 1854ರಲ್ಲಿ ದಂತವೈದ್ಯರ ಪುಟ್ಟ ಕನ್ನಡಿಯನ್ನು ಗಂಟಲಲ್ಲಿಟ್ಟು, ಇನ್ನೊಂದು ಕನ್ನಡಿಯಿಂದ ಬಿಸಿಲು ಹಾಯಿಸಿ, ತಾನು ಹಾಡುವಾಗ ಒಳಗೆ ಏನಾಗುತ್ತದೆಂದು ನೋಡಿದರು. 1943ರಲ್ಲಿ ಆಕ್ಸ್‌ಫರ್ಡಿನ ರಾಬರ್ಟ್ ಮ್ಯಾಕಿಂಟೋಶ್ ಬಾಗಿದ ಅಲಗನ್ನು ಬಳಕೆಗೆ ತಂದರು. ಅದು ಇಂದಿಗೂ ಆಸ್ಪತ್ರೆಗಳಲ್ಲಿದೆ. 1967ರಲ್ಲಿ ಇಂಗ್ಲೆಂಡಿನ ಪೀಟರ್ ಮರ್ಫಿ, ಪಿತ್ತನಾಳವನ್ನು ನೋಡಲೆಂದು ಮಾಡಿದ ಬಳುಕುವ ದುರ್ಬೀನನ್ನು ಉಸಿರಿನ ದಾರಿಗೆ ಬಳಸಿದರು. ಇಂದು ಕುತ್ತಿಗೆ ಮುರಿದ, ಆದರೆ ಎಚ್ಚರವಾಗಿರುವ ಗಾಯಾಳುವಿನಲ್ಲಿ, ಸಮಯವಿದ್ದರೆ, ವೈದ್ಯರು ಇದೇ ದಾರಿ ಹಿಡಿಯುತ್ತಾರೆ. ಗಂಟಲನ್ನು ಔಷಧಿಯಿಂದ ಮರಗಟ್ಟಿಸಿ, ಮೂಗಿನ ಅಥವಾ ಬಾಯಿಯ ಮೂಲಕ ದುರ್ಬೀನನ್ನು ಕಳಿಸಿ, ಅದರ ಮೇಲೆ ಕೊಳವೆ ಜಾರಿಸುತ್ತಾರೆ. ಗಾಯಾಳು ಎಚ್ಚರವಿರುವುದರಿಂದ ಕೊಳವೆ ಇಳಿದ ಮೇಲೆ ಕೈಕಾಲು ಆಡಿಸಲು ಹೇಳಿ ಹುರಿ ಕ್ಷೇಮವೆಂದು ಖಾತ್ರಿ ಮಾಡಿಕೊಳ್ಳಬಹುದು. ಯಾವ ದಾರಿಯೂ ತೆರೆಯದಿದ್ದರೆ ಗಂಟಲಮಣಿಯ ಕೆಳಗಿನ ತೆಳುಪೊರೆಯನ್ನು ಕೊಯ್ದು ಅಲ್ಲಿಂದಲೇ ಕೊಳವೆ ಹಾಕುವುದು ಕೊನೆಯ ಉಪಾಯ.

ಕೊಳವೆ ಹೋದದ್ದು ಅನ್ನನಾಳಕ್ಕೋ ಶ್ವಾಸನಾಳಕ್ಕೋ? ಹೊರಬರುವ ಗಾಳಿಯಲ್ಲಿನ ಇಂಗಾಲದ ಡೈ ಆಕ್ಸೈಡನ್ನು ಅಳೆಯುವ ಯಂತ್ರ ಇದನ್ನು ಹೇಳುತ್ತದೆ. ಮೇಲಿನ ಹುರಿಗೆ ಪೆಟ್ಟಾದವರಲ್ಲಿ ಕೊಳವೆ ತಗಲಿದಾಗ ಹೃದಯದ ಬಡಿತ ತೀರಾ ನಿಧಾನವಾಗಬಹುದು, ಅದಕ್ಕೆ ಅಟ್ರೋಪಿನ್ ಸಿದ್ಧವಿರುತ್ತದೆ. ಸಕ್ಸಿನೈಲ್ ಕೋಲಿನ್ ಎಂಬ ಸ್ನಾಯು ಸಡಿಲಿಸುವ ಔಷಧಿ ಪೆಟ್ಟಾದ ಮೊದಲ ದಿನ ಉಪಕಾರಿ. ಅದೇ ಔಷಧಿ ಕೆಲವು ದಿನ ಕಳೆದ ಮೇಲೆ ರಕ್ತದಲ್ಲಿ ಪೊಟ್ಯಾಸಿಯಮ್ಮನ್ನು ಏರಿಸಿ ಹೃದಯವನ್ನೇ ನಿಲ್ಲಿಸಬಲ್ಲದು. ಪಿ.ಯು.ಸಿ.ಯಲ್ಲಿ ರಸಾಯನಶಾಸ್ತ್ರ ಯಾಕೆ ಎಂದು ಕೇಳುವ ವಿದ್ಯಾರ್ಥಿಗಳಿಗೆ ಇದೂ ಒಂದು ಉತ್ತರ.

ವಿದ್ಯಾರ್ಥಿಗಳ ಕೈ

ಉಸಿರನ್ನು ಕೈಯಲ್ಲಿ ಹಿಡಿದು ಉಳಿಸಿದ ವಿದ್ಯಾರ್ಥಿಗಳ ಕಥೆ ವೈದ್ಯಕೀಯ ಚರಿತ್ರೆಯಲ್ಲಿದೆ. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೊ ಹಬ್ಬಿತು. ಉಸಿರಿನ ಸ್ನಾಯುಗಳು ಸೋತ ಮಕ್ಕಳು ಸಾಲುಸಾಲಾಗಿ ಬಂದರು. ಆಸ್ಪತ್ರೆಯಲ್ಲಿದ್ದ ಯಂತ್ರಗಳು ಬೆರಳೆಣಿಕೆಯವು. ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸನ್ ಗಂಟಲಿಗೆ ಕೊಳವೆ ಹಾಕಿ, ರಬ್ಬರ್ ಚೀಲವನ್ನು ಕೈಯಿಂದ ಹಿಸುಕಿ ಗಾಳಿ ಕೊಡುವ ಉಪಾಯ ತೋರಿಸಿದರು. ಹಿಸುಕುವವರು ಯಾರು? ಸುಮಾರು 1,500 ವೈದ್ಯಕೀಯ ವಿದ್ಯಾರ್ಥಿಗಳು ಪಾಳಿಯ ಮೇಲೆ, ಹಗಲೂ ರಾತ್ರಿ, ತಿಂಗಳುಗಟ್ಟಲೆ ಆ ಕೆಲಸ ಮಾಡಿದರು. ಸಾವಿನ ಪ್ರಮಾಣ ಗಣನೀಯವಾಗಿ ಇಳಿಯಿತು. ಇಂದಿನ ತೀವ್ರ ನಿಗಾ ಘಟಕ ಹುಟ್ಟಿದ್ದು ಅಲ್ಲಿಂದ.

ಅರಿವಳಿಕೆ ತಜ್ಞರ ಹೆಸರು ರೋಗಿಗೆ ನೆನಪಿರುವುದು ಅಪರೂಪ. ಶಸ್ತ್ರಕ್ರಿಯೆ ಮಾಡಿದವರ ಹೆಸರು ಊರೆಲ್ಲ ಹೇಳುವವರು, ತಲೆಯ ಬಳಿ ನಿಂತು ಗಂಟೆಗಟ್ಟಲೆ ಉಸಿರು ಕಾಯ್ದವರನ್ನು ಮರೆಯುತ್ತಾರೆ. ವೈದ್ಯಕೀಯಕ್ಕೆ ಮಕ್ಕಳನ್ನು ಕಳಿಸುವ ಕನಸಿರುವ ಹೆತ್ತವರು ಈ ಶಾಖೆಯ ಬಗ್ಗೆಯೂ ತಿಳಿದುಕೊಳ್ಳುವುದು ಒಳ್ಳೆಯದು. ಎಂ.ಬಿ.ಬಿ.ಎಸ್. ಬಳಿಕ ಮೂರು ವರ್ಷದ ಎಂ.ಡಿ. ಇದರ ದಾರಿ. ವೈದ್ಯಪದವಿ ಸಿಗದವರಿಗೆ ಅರಿವಳಿಕೆ ಮತ್ತು ಶಸ್ತ್ರಕ್ರಿಯಾ ಕೊಠಡಿ ತಂತ್ರಜ್ಞಾನದ ಬಿ.ಎಸ್ಸಿ. ಇದೆ, ಆಂಬುಲೆನ್ಸಿನ ತುರ್ತು ತಂತ್ರಜ್ಞರ ಕೆಲಸವಿದೆ, ನರ್ಸಿಂಗ್ ಇದೆ. ಕುತ್ತಿಗೆ ಮುರಿದವನ ಪಾಲಿಗೆ ಇವರಲ್ಲಿ ಯಾರೂ ಚಿಕ್ಕವರಲ್ಲ.

ಆದರೆ ತಲೆ ಹಿಡಿದು ಕೂರಲು ಯಾವ ಪದವಿಯೂ ಬೇಡ. ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಅರ್ಧ ಗಂಟೆಯ ಅಭ್ಯಾಸದಿಂದ ಇದನ್ನು ಕಲಿಯಬಲ್ಲಳು. ಶಾಲೆಯ ಸ್ಕೌಟ್ಸ್ ಮತ್ತು ಗೈಡ್ಸ್, ಎನ್.ಎಸ್.ಎಸ್., ಊರಿನ ಯುವಕ ಮಂಡಲ, ಸ್ವಸಹಾಯ ಸಂಘ ಇವುಗಳಲ್ಲಿ ಯಾವುದಾದರೂ ಒಂದು, ಮಳೆಗಾಲಕ್ಕೆ ಮುಂಚೆ ಒಂದು ಶನಿವಾರ ಹತ್ತಿರದ ಆರೋಗ್ಯ ಕೇಂದ್ರದವರನ್ನು ಕರೆಸಿದರೆ ಸಾಕು. ತಲೆ ಹಿಡಿಯುವುದು, ದವಡೆ ಮುಂದೆ ನೂಕುವುದು, ದಿಮ್ಮಿಯಂತೆ ಹೊರಳಿಸುವುದು, ಎದೆ ಒತ್ತುವುದು ಈ ನಾಲ್ಕನ್ನು ಮಕ್ಕಳಿಗೂ ದೊಡ್ಡವರಿಗೂ ಒಟ್ಟಿಗೆ ಕಲಿಸಬಹುದು. ಹೊಳೆಯಲ್ಲಿ ಆಳ ಗೊತ್ತಿಲ್ಲದ ಕಡೆ ಮೊದಲು ಕಾಲಿಟ್ಟು ಇಳಿಯಬೇಕು, ತಲೆಯಿಟ್ಟು ಅಲ್ಲ ಎಂಬ ಮಾತನ್ನೂ ಅದೇ ದಿನ ಹೇಳಬಹುದು. ಕಳೆದ ವರ್ಷ ಆಳವಿದ್ದ ಜಾಗದಲ್ಲಿ ಈ ವರ್ಷ ಮರಳು ತುಂಬಿರುತ್ತದೆ. ಮರ ಹತ್ತುವವರು ಒಬ್ಬರೇ ತೋಟಕ್ಕೆ ಹೋಗದೆ, ಕೂಗಿದರೆ ಕೇಳುವಷ್ಟು ಹತ್ತಿರ ಇನ್ನೊಬ್ಬರು ಇರುವಂತೆ ನೋಡಿಕೊಂಡರೆ ಮೊದಲ ಹತ್ತು ನಿಮಿಷ ವ್ಯರ್ಥವಾಗದು.

ಮಣಿಪಾಲದ ವಿಡಿಯೊ ಲ್ಯಾರಿಂಗೋಸ್ಕೋಪಾಗಲಿ, ಬೆಂಗಳೂರಿನ ನಿಮ್ಹಾನ್ಸ್‌ನ ನರಶಸ್ತ್ರವೈದ್ಯರಾಗಲಿ ಉಳಿಸಬಲ್ಲದ್ದು ಅಲ್ಲಿಗೆ ತಲುಪಿದ ಉಸಿರನ್ನು ಮತ್ತು ಅಲ್ಲಿಗೆ ತಲುಪುವವರೆಗೆ ಕೆಡದೆ ಉಳಿದ ಹುರಿಯನ್ನು. ಅವೆರಡನ್ನೂ ತೋಟದಿಂದ ಆಸ್ಪತ್ರೆಯ ಬಾಗಿಲವರೆಗೆ ತಲುಪಿಸುವುದು ಊರವರ ಕೆಲಸ.